ಹಜಾರದಲ್ಲಿ ಐದು ಸ್ಪೀಕರು, ಅತ್ತೆಗೊಂದು ಕುರ್ಚಿ

ಮನೆಗೆ ಹೊಸ ಬೀರು ಬಂದರೆ ಎಲ್ಲಿಡೋಣ ಅಂತ ನಮ್ಮನ್ನು ಕೇಳುತ್ತಾರೆ. ಫ್ರಿಜ್ಜು ಬಂದರೂ ಕೇಳುತ್ತಾರೆ. ಟೀವಿಗೆ ಜೋಡಿಸುವ ಐದಾರು ಸ್ಪೀಕರುಗಳ ಸೆಟ್ಟು ಬಂದರೆ ಮಾತ್ರ ಯಾರೂ ನಮ್ಮನ್ನು ಕೇಳುವುದಿಲ್ಲ, ಗಮನಿಸಿದ್ದೀರಾ? ಅದು ಗಂಡಸರ ಖಾತೆ, ಇಲ್ಲವೇ ಅಂಗಡಿ ಹುಡುಗನ ಖಾತೆ. ಅವನು ಬಂದು, ಗೋಡೆಯಲ್ಲಿ ಹಳೆಯ ಮೊಳೆ ಎಲ್ಲಿದೆ, ಪ್ಲಗ್ಗು ಎಲ್ಲಿದೆ ಎಂದು ನೋಡಿ, ಒಂದು ಗಂಟೆಯಲ್ಲಿ ಎಲ್ಲವನ್ನೂ ನೇತುಹಾಕಿ, ಕಾಫಿ ಕುಡಿದು ಹೊರಟುಬಿಡುತ್ತಾನೆ. ಆಮೇಲೆ ಹತ್ತು ವರ್ಷ ಆ ಸದ್ದಿನ ಜೊತೆ ಬಾಳಬೇಕಾದವರು ನಾವು.

ಹೆಂಗಸರಿಗೇಕೆ ಈ ಉಸಾಬರಿ ಎನ್ನಬೇಡಿ. ಸ್ಪೀಕರು ಎಲ್ಲಿರಬೇಕು ಎನ್ನುವುದು ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರ ಕಿವಿ ಹೇಗಿದೆ ಎನ್ನುವುದರ ಮೇಲೆ ನಿಂತಿದೆ. ಅದು ಅಂಗಡಿ ಹುಡುಗನಿಗೆ ಗೊತ್ತೋ, ನಮಗೆ ಗೊತ್ತೋ, ನೀವೇ ಹೇಳಿ! ಹಾಗಾಗಿ ಈ ಸಲ ಮಾವಿನ ಮಿಡಿಯ ಮಾತು ಬಿಟ್ಟು, ನಾನು ಹೊಲಿಗೆಯ ಟೇಪು, ಒಂದು ಉಂಡೆ ನೂಲು, ಸೀಮೆಸುಣ್ಣ ಇಷ್ಟನ್ನು ಹಿಡಿದು ನಮ್ಮ ಹಜಾರದಲ್ಲಿ ಮಾಡಿದ ಕೆಲಸವನ್ನು ನಿಮಗೆ ಹೇಳುತ್ತೇನೆ.

ನಮ್ಮದು ಸಾಗರದ ಹಳೆಯ ಮನೆ. ಹಜಾರ ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಕೆಂಪು ಗಾರೆಯ ನೆಲ, ಒರೆಸಿದರೆ ಮುಖ ಕಾಣಬೇಕು. ಮಗ ಬೆಂಗಳೂರಿನಿಂದ ದೀಪಾವಳಿಗೆ ಬರುವಾಗ ಈ ಸೆಟ್ಟು ಕಳಿಸಿಕೊಟ್ಟ. ಮುಂದೆ ಎರಡು, ನಡುವೆ ಒಂದು, ಹಿಂದೆ ಎರಡು, ಜೊತೆಗೆ ನೆಲದ ಮೇಲೆ ಕೂರುವ ಒಂದು ಗುಂಡುಗುಂಡು ಪೆಟ್ಟಿಗೆ. ಅದಕ್ಕೆ ಸಬ್‌ವೂಫರ್ ಎನ್ನುತ್ತಾರೆ, ಬರೇ ಗುಡುಗು ಸಿಡಿಲಿನ ಕೆಲಸ ಅದರದು. ಈ ಐದೂ ಒಂದೂ ಸೇರಿಯೇ ಡಬ್ಬಿಯ ಮೇಲೆ 5.1 ಎಂದು ಬರೆದಿರುವುದು. ನಾನಂತೂ ಅದನ್ನು ಬೆಲೆಯಲ್ಲಿ ರಿಯಾಯಿತಿಯೇನೋ ಎಂದುಕೊಂಡಿದ್ದೆ!

ಅಂಗಡಿಯ ಹುಡುಗ ಹಿಂದಿನ ಎರಡನ್ನು ಸೂರಿನ ಹತ್ತಿರ, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ. ನಡುವಿನದನ್ನು ಟೀವಿ ಕೆಳಗಿನ ಗಾಜಿನ ಬಾಗಿಲಿನ ಕಪಾಟಿನೊಳಗೆ ತಳ್ಳಿ ಬಾಗಿಲು ಹಾಕಿದ. ಗುಡುಗಿನ ಪೆಟ್ಟಿಗೆ ಮೂಲೆಗೆ ಹೋಯಿತು. ದಿವಾನ ಹಿಂದಿನ ಗೋಡೆಗೆ ಆತುಕೊಂಡು ಮೊದಲಿದ್ದಲ್ಲೇ ಇತ್ತು. ಅತ್ತೆಯವರು ಹಳೆಯ ಟೀವಿಯ ಮುಂದೆ ನಾಲ್ಕು ಅಡಿ ದೂರದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಅದು ಈಗ ಎಲ್ಲರಿಗೂ ಅಡ್ಡ ಬರುತ್ತದೆ ಎಂದು ಬಾಗಿಲ ಪಕ್ಕಕ್ಕೆ ಹೋಯಿತು.

ಮೊದಲ ಎರಡು ದಿನ ನಮ್ಮವರಿಗೆ ಸಂಭ್ರಮವೋ ಸಂಭ್ರಮ. ಹೆಲಿಕಾಪ್ಟರು ತಲೆಯ ಮೇಲೇ ಹೋಯಿತು ಅಂತ ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು. ಮೂರನೆಯ ದಿನದಿಂದ ರಿಮೋಟಿನ ಜಗಳ ಶುರು. ಮಾತು ಬಂದರೆ ಕೇಳಿಸದು, ಸದ್ದು ಏರಿಸು. ಹೊಡೆದಾಟ ಬಂದರೆ ಕಿಟಕಿ ಅದುರುತ್ತದೆ, ಇಳಿಸು. ನಿಮ್ಮ ಮನೆಯಲ್ಲೂ ಹೀಗೇನಾ? ಹಾಗಿದ್ದರೆ ಮುಂದೆ ಓದಿ.

ಇದರಲ್ಲಿ ನನಗೆ ಸಂಕಟವಾದದ್ದು ರಿಮೋಟಿನ ಜಗಳವಲ್ಲ. ಒಂದು ವಾರದಲ್ಲಿ ಅತ್ತೆ ಹಜಾರಕ್ಕೆ ಬರುವುದನ್ನೇ ನಿಲ್ಲಿಸಿದರು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕತ್ತಲಲ್ಲಿ ಒಬ್ಬರೇ ಕೂತು ಬತ್ತಿ ಹೊಸೆಯುವುದು. ಕರೆದರೆ, ‘ನಂಗೆ ಆ ಗಲಾಟೆ ಬೇಡ ಮಾರಾಯ್ತಿ, ನೀವು ನೋಡಿ’ ಎನ್ನುವುದು. ಎಂಬತ್ತೊಂದು ವರ್ಷದ ಜೀವ. ಎಡಗಿವಿ ಮಂದವಾಗಿ ನಾಲ್ಕೈದು ವರ್ಷವಾಯಿತು, ಬಲಗಿವಿ ಪರವಾಗಿಲ್ಲ. ತಾಳಮದ್ದಳೆ ಎಂದರೆ ಊಟ ಬಿಟ್ಟು ಕೂರುವವರು. ರಾತ್ರಿಯ ಪ್ರಯಾಣ ಕಷ್ಟವಾದ ಮೇಲೆ ಅವರಿಗೆ ಉಳಿದದ್ದು ಟೀವಿಯಲ್ಲಿ ಹಾಕಿಕೊಡುವ ತಾಳಮದ್ದಳೆ ಒಂದೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಬಿಟ್ಟರೆ ಎಲ್ಲವೂ ಅರ್ಥಧಾರಿಗಳ ಮಾತು. ಆ ಮಾತೇ ಕೇಳದಿದ್ದರೆ ಅಲ್ಲೇನಿದೆ? ವಯಸ್ಸಾದವರು ಮನೆಯೊಳಗೇ ಹೀಗೆ ಒಂದೊಂದು ಕೋಣೆಯಿಂದ ಹಿಂದೆ ಸರಿಯುತ್ತಾ ಹೋಗುವುದನ್ನು ನಾನು ತವರಿನಲ್ಲಿ ಅಜ್ಜನ ಕಾಲದಲ್ಲೇ ಕಂಡಿದ್ದೇನೆ. ಯಾರೂ ಅವರನ್ನು ಹೊರಗೆ ಕಳಿಸಿರುವುದಿಲ್ಲ. ಅವರೇ ಎದ್ದು ಹೋಗಿರುತ್ತಾರೆ.

‘ಸಾಕು’ ಮತ್ತು ‘ಹಾಕು’ ಎಂಬ ಎರಡು ಮಾತನ್ನು ನೋಡಿ. ನಮ್ಮವರು ಊಟಕ್ಕೆ ಕೂತು ‘ಸಾಕು’ ಎಂದರೆ ಅತ್ತೆ ಇನ್ನೊಂದು ಸೌಟು ಅನ್ನ ಬಡಿಸುತ್ತಾರೆ! ಮಗನ ಮೇಲಿನ ಪ್ರೀತಿ ಎಂದು ಎಲ್ಲರೂ ನಗುತ್ತಿದ್ದೆವು. ವಿಷಯ ಬೇರೆ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ಕೀರಲು ಸ್ವರಗಳು. ‘ಆ’ ‘ಉ’ ಮುಂತಾದ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನಲ್ಲಿದೆ, ಅವು ಚೆನ್ನಾಗಿಯೇ ಕೇಳುತ್ತವೆ. ಸ, ಶ, ತ, ಕ ಇಂಥವನ್ನು ಒಂದರಿಂದೊಂದು ಬೇರ್ಪಡಿಸುವ ಗುರುತು ಇರುವುದು ಮೇಲಿನ ಸ್ವರದಲ್ಲಿ, ಅದೂ ಬಲು ಮೆತ್ತಗೆ. ಹೀಗಾಗಿ ಯಾರೋ ಮಾತಾಡುತ್ತಿದ್ದಾರೆ ಎನ್ನುವುದು ಅವರಿಗೆ ಕೇಳಿಸುತ್ತದೆ, ಏನು ಎನ್ನುವುದು ಗೊತ್ತಾಗುವುದಿಲ್ಲ. ಸದ್ದು ಏರಿಸಿದರೆ ‘ಆ’ ‘ಉ’ಗಳೇ ಇನ್ನಷ್ಟು ಬೊಬ್ಬೆ ಹೊಡೆಯುತ್ತವೆ. ಗಲಾಟೆ ಎಂದು ಅತ್ತೆ ಹೇಳಿದ್ದು ಅಕ್ಷರಶಃ ಸರಿ.

ಈಗ ಸ್ಪೀಕರಿನ ಮಾತಿಗೆ ಬರೋಣ. ತಗ್ಗಿನ ಸ್ವರ ಮತ್ತು ಮೇಲಿನ ಸ್ವರ ಎರಡೂ ಮನೆಯೊಳಗೆ ಓಡಾಡುವ ರೀತಿಯೇ ಬೇರೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಹೋಗುತ್ತದೆ. ಸೆಕೆಂಡಿಗೆ 40 ಸಲ ಕಂಪಿಸುವ ಗುಡುಗಿನಂಥ ಸ್ವರದ ಒಂದು ಅಲೆ ಎಂಟೂವರೆ ಮೀಟರು ಉದ್ದ, ಅಂದರೆ ನಮ್ಮ ಹಜಾರಕ್ಕಿಂತ ದೊಡ್ಡದು. ಅದಕ್ಕೆ ಕುರ್ಚಿ ಮೇಜು ಯಾವುದೂ ಲೆಕ್ಕಕ್ಕಿಲ್ಲ, ಎಲ್ಲವನ್ನೂ ಬಳಸಿಕೊಂಡು ಹೋಗುತ್ತದೆ. ಸೆಕೆಂಡಿಗೆ 4000 ಸಲ ಕಂಪಿಸುವ ಸ್ವರದ ಅಲೆ ಬರೇ ಎಂಟೂವರೆ ಸೆಂಟಿಮೀಟರು, ನಮ್ಮ ಅಂಗೈ ಅಗಲ. ಅದು ಟಾರ್ಚಿನ ಬೆಳಕಿನ ಹಾಗೆ ನೇರವಾಗಿ ಹೋಗುತ್ತದೆ. ಅಡ್ಡ ಒಂದು ಹೂದಾನಿ ಇಟ್ಟರೂ ಮಸುಕಾಗುತ್ತದೆ. ಮಾತಿನ ಸ್ಪಷ್ಟತೆ ಇರುವುದು ಈ ಪುಟ್ಟ ಅಲೆಯಲ್ಲಿ. ಸೂರಿನ ಕೆಳಗೆ ತೂಗಿದ ಸ್ಪೀಕರಿನಿಂದ, ಗಾಜಿನ ಬಾಗಿಲ ಹಿಂದಿನ ಸ್ಪೀಕರಿನಿಂದ ಅದು ಅತ್ತೆಯ ಕಿವಿಗೆ ಹೇಗೆ ತಲುಪೀತು? ಗುಡುಗು ಮಾತ್ರ ಅಡೆತಡೆಯಿಲ್ಲದೆ ತಲುಪಿತು.

ಸಿನಿಮಾದಲ್ಲಾಗಲಿ ಧಾರಾವಾಹಿಯಲ್ಲಾಗಲಿ ಐದು ಸ್ಪೀಕರಿಗೆ ಮಾಡಿದ ಧ್ವನಿಮುದ್ರಣವಿದ್ದರೆ, ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಇದು ಹೊಸ ಸಂಗತಿಯೇನೂ ಅಲ್ಲ. 1934ರಲ್ಲಿ ‘ಸತಿ ಸುಲೋಚನ’ದಿಂದ ಕನ್ನಡದಲ್ಲಿ ವಾಕ್ಚಿತ್ರ ಶುರುವಾಯಿತಲ್ಲ, ಆ ಕಾಲದ ಚಿತ್ರಮಂದಿರಗಳಲ್ಲಿ ಸ್ಪೀಕರು ಇರುತ್ತಿದ್ದುದು ಪರದೆಯ ಹಿಂದೆ. ಪರದೆಗೆ ಸಣ್ಣ ಸಣ್ಣ ತೂತು, ಅದರ ಮೂಲಕ ಮಾತು. ಅದಕ್ಕೂ ಮೊದಲೇ, 1931ರಲ್ಲಿ, ಅಲನ್ ಬ್ಲಮ್ಲೈನ್ ಎಂಬ ಇಂಗ್ಲೆಂಡಿನ ಎಂಜಿನಿಯರು ಎಡ ಬಲ ಎರಡು ಸ್ಪೀಕರಿನ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋಗಿದ್ದಾಗ, ಪರದೆಯ ಮೇಲೆ ನಟ ಆ ಬದಿಗೆ ನಡೆದರೂ ಮಾತು ಇದ್ದಲ್ಲಿಂದಲೇ ಬರುತ್ತದಲ್ಲ ಎಂದು ಅವರಿಗೆ ಇದು ಹೊಳೆಯಿತಂತೆ. 1940ರಲ್ಲಿ ವಾಲ್ಟ್ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರಕ್ಕೆ ಪ್ರೇಕ್ಷಕರ ಸುತ್ತಲೂ ಸ್ಪೀಕರು ಇಟ್ಟರು. ಈಗ ನಮ್ಮ ಹಜಾರಕ್ಕೆ ಬಂದಿರುವುದು ಅದರ ಮರಿಮಗು. ಮುಂದೆ ಎಷ್ಟೇ ಸ್ಪೀಕರು ಸೇರಿದರೂ ಮಾತಿನ ಜಾಗ ನಡುವೆಯೇ ಉಳಿಯಿತು. ಯಕ್ಷಗಾನದಲ್ಲಿ ಚಂಡೆ ಎಷ್ಟು ಬಡಿದರೂ ಭಾಗವತರ ಪೀಠ ಬದಲಾಗುವುದಿಲ್ಲವಲ್ಲ, ಹಾಗೆ.

ಕೆಲಸ ಶುರುಮಾಡಿದ್ದು ಒಂದು ಬುಧವಾರ, ನಮ್ಮವರು ಅಡಿಕೆ ಮಂಡಿಗೆ ಹೋದ ಮೇಲೆ. ಡಬ್ಬಿಯಲ್ಲಿ ಒಂದು ಕೈಪಿಡಿ ಇತ್ತು. ಇಂಗ್ಲಿಷಿನಲ್ಲಿದ್ದರೂ ಚಿತ್ರವಿತ್ತಲ್ಲ, ಸಾಕು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದು ಮೂವತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು ನೋಡಿ! ಆ ಚಿತ್ರ ನನಗಂತೂ ರಂಗೋಲಿಯ ಹಾಗೆ ಕಂಡಿತು. ನಡುವೆ ಒಂದು ಚುಕ್ಕಿ, ಅದು ಕೇಳುವವರ ತಲೆ. ಸುತ್ತ ಒಂದು ವೃತ್ತ, ಅದರ ಮೇಲೆ ಐದು ಚುಕ್ಕಿ, ಅವು ಸ್ಪೀಕರು. ಅಂದರೆ ಮೊದಲು ಗುರುತು ಮಾಡಬೇಕಾದ್ದು ಸ್ಪೀಕರನ್ನಲ್ಲ, ತಲೆಯನ್ನು!

ಯಾರ ತಲೆ? ಇದೇ ಪ್ರಶ್ನೆ. ಒಂದು ವೃತ್ತಕ್ಕೆ ಒಂದೇ ಕೇಂದ್ರ. ನಮ್ಮವರು ಆ ಜಾಗ ತಮ್ಮದು ಎಂದುಕೊಂಡಿದ್ದರು, ದಿವಾನದ ನಟ್ಟನಡುವೆ. ನಾನು ಅತ್ತೆಯ ಆರಾಮ ಕುರ್ಚಿಯನ್ನು ಜಗಲಿಯಿಂದ ಎತ್ತಿಸಿ ತಂದು, ಟೀವಿ ಗೋಡೆಯಿಂದ ಆರೂಮುಕ್ಕಾಲು ಅಡಿ ದೂರದಲ್ಲಿ, ಎರಡೂ ಪಕ್ಕದ ಗೋಡೆಗೆ ಸಮ ಅಂತರದಲ್ಲಿ ಇಟ್ಟೆ. ಕಿವಿ ಚೆನ್ನಾಗಿರುವವರು ಎಲ್ಲಿ ಕೂತರೂ ಹೇಗೋ ಸುಧಾರಿಸಿಕೊಳ್ಳುತ್ತಾರೆ. ಒಳ್ಳೆಯ ಜಾಗ ಬೇಕಾದ್ದು ಕೇಳಿಸದವರಿಗೆ.

ಹತ್ತಿರ ತಂದದ್ದಕ್ಕೆ ಕಾರಣವಿದೆ. ಸ್ಪೀಕರಿನಿಂದ ನಮ್ಮ ಕಿವಿಗೆ ಎರಡು ಬಗೆಯ ಶಬ್ದ ಬರುತ್ತದೆ, ಒಂದು ನೇರ ಬರುವುದು, ಇನ್ನೊಂದು ಗೋಡೆ, ನೆಲ, ಸೂರಿಗೆ ಬಡಿದು ಸುತ್ತಿ ಬರುವುದು. ದೂರವನ್ನು ಅರ್ಧ ಮಾಡಿದರೆ ನೇರ ಶಬ್ದ 6 ಡೆಸಿಬಲ್ ಹೆಚ್ಚುತ್ತದೆ. ಸುತ್ತಿ ಬರುವುದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಹತ್ತಿರ ಕೂತವರಿಗೆ ಮಾತು ಬಿಡಿಬಿಡಿಯಾಗಿ, ದೂರ ಕೂತವರಿಗೆ ಮಾತು ಕಲಸು ಮೇಲೋಗರವಾಗಿ ಕೇಳುತ್ತದೆ. ಅತ್ತೆ ತಮ್ಮ ಸ್ಟೂಲನ್ನು ಟೀವಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಕಣ್ಣು ಹಾಳಾಗುತ್ತದೆ ಎಂದು ಎಲ್ಲರೂ ಅವರಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು!

ಇನ್ನು ನೂಲಿನ ಲೆಕ್ಕ. ಆರು ಅಡಿಯ ಮೂರು ನೂಲು ಕತ್ತರಿಸಿಕೊಳ್ಳಿ. ಎಡ ಸ್ಪೀಕರಿನಿಂದ ಬಲ ಸ್ಪೀಕರಿಗೆ ಒಂದು, ಎರಡರಿಂದಲೂ ತಲೆಗೆ ಒಂದೊಂದು. ಮೂರೂ ಬಿಗಿಯಾಗಿ ನಿಲ್ಲುವ ಹಾಗೆ ಇಟ್ಟರೆ ಸಮಬಾಹು ತ್ರಿಕೋನವಾಗುತ್ತದೆ. ನಿಮ್ಮ ಹಜಾರ ದೊಡ್ಡದಿದ್ದರೆ ಏಳೋ ಎಂಟೋ ಅಡಿ ಮಾಡಿಕೊಳ್ಳಿ, ಮೂರೂ ಒಂದೇ ಅಳತೆ ಇದ್ದರಾಯಿತು. ಗೋಡೆಗೆ ತೀರಾ ಅಂಟಿಸಬೇಡಿ, ಒಂದು ಒಂದೂವರೆ ಅಡಿ ಮುಂದೆ ಇರಲಿ, ಇಲ್ಲದಿದ್ದರೆ ದನಿ ಗಡಿಗೆಯೊಳಗಿಂದ ಬಂದ ಹಾಗೆ ಗುಂಯ್ ಎನ್ನುತ್ತದೆ. ಎತ್ತರಕ್ಕೆ ಬ್ಲೌಸಿನ ಅಳತೆ ತೆಗೆಯುವ ಟೇಪಿನಲ್ಲೇ ನೆಲದಿಂದ ಅತ್ತೆಯ ಕಿವಿಗೆ ಅಳೆದೆ. ಮೂವತ್ತೆಂಟು ಅಂಗುಲ ಬಂತು. (‘ಇದೇನೇ, ನನಗೆ ಪೆಟ್ಟಿಗೆ ಮಾಡಿಸ್ತೀಯಾ?’ ಎಂದರು ಅತ್ತೆ.) ಸ್ಪೀಕರಿನಲ್ಲಿ ಮೇಲಿನ ಸ್ವರ ಹೊರಡಿಸುವ ಪುಟ್ಟ ಬಿಲ್ಲೆ ಇರುತ್ತದಲ್ಲ, ಟ್ವೀಟರ್ ಎನ್ನುತ್ತಾರೆ, ಅದು ಕೇಳುವವರ ಕಿವಿಯ ಎತ್ತರಕ್ಕೆ ಇರಬೇಕು, ಮುಖ ಅವರ ಕಡೆ ತಿರುಗಿರಬೇಕು. ಸ್ಟ್ಯಾಂಡಿಗೆ ಹಿತ್ತಿಲಿನ ಎರಡು ಹೂಕುಂಡದ ಕಬ್ಬಿಣದ ಸ್ಟ್ಯಾಂಡು ಒಳಗೆ ಬಂದವು. ಅವುಗಳ ಕಾಲು ಪೊಳ್ಳು, ಬಡಿದರೆ ಗಂಟೆಯ ಹಾಗೆ ಮೊಳಗುತ್ತಿದ್ದವು, ಒಣ ಮರಳು ತುಂಬಿಸಿದೆ.

ನಡುವಿನ ಸ್ಪೀಕರಿಗೇ ನಾನು ಹೆಚ್ಚು ಹೊತ್ತು ಕೊಟ್ಟದ್ದು. ಅದನ್ನು ಗಾಜಿನ ಕಪಾಟಿನಿಂದ ಹೊರಗೆ ತೆಗೆದು ಟೀವಿಯ ಕೆಳಗೆ, ಹಲಗೆಯ ತುದಿಗೆ ಬರುವಷ್ಟು ಮುಂದೆ ಎಳೆದೆ. ಹಲಗೆಯ ಒಳಗೆ ಹಿಂದಕ್ಕೆ ಇಟ್ಟರೆ ಹಲಗೆಗೇ ಬಡಿದು ಮಾತು ಮಂಕಾಗುತ್ತದೆ. ಅದು ಕಿವಿಗಿಂತ ತಗ್ಗಿನಲ್ಲಿ ಇದ್ದುದರಿಂದ ಮುಂದಿನ ಅಂಚಿನ ಕೆಳಗೆ ಎರಡು ರಬ್ಬರಿನ ಬಿರಡೆ ಇಟ್ಟು, ಮುಖ ಅತ್ತೆಯ ಕಡೆ ಮೇಲೆತ್ತುವ ಹಾಗೆ ಮಾಡಿದೆ. ಅತ್ತೆಯಂಥವರಿಗೆ ಈ ನಡುವಿನದೇ ಪ್ರಾಣ. ಎಡ ಬಲ ಎರಡರಿಂದ ಒಂದೇ ದನಿ ಸಮನಾಗಿ ಬಂದರೆ, ಎರಡು ಕಿವಿಯೂ ಸರಿಯಿದ್ದವರಿಗೆ ಅದು ನಡುವಿನಿಂದಲೇ ಬಂದಂತೆ ಅನಿಸುತ್ತದೆ. ಒಂದು ಕಿವಿ ಮಂದವಾದವರಿಗೆ ಈ ಕಣ್ಕಟ್ಟು ನಡೆಯುವುದಿಲ್ಲ. ಅವರಿಗೆ ನಡುವೆ ನಿಜವಾಗಿಯೂ ಒಂದು ಸ್ಪೀಕರು ಮಾತಾಡಬೇಕು.

ಹಿಂದಿನ ಎರಡರ ಜಾಗಕ್ಕೆ ಗಡಿಯಾರ ನೆನೆಸಿಕೊಳ್ಳಿ. ಕುರ್ಚಿಯಲ್ಲಿ ಕೂತವರ ಮುಂದೆ ಟೀವಿ ಹನ್ನೆರಡರಲ್ಲಿದೆ ಎಂದಿಟ್ಟುಕೊಂಡರೆ, ಮುಂದಿನ ಎರಡು ಹನ್ನೊಂದರಲ್ಲಿ ಮತ್ತು ಒಂದರಲ್ಲಿ ಇರುತ್ತವೆ. ಹಿಂದಿನವು ಹೆಸರಿಗೆ ಹಿಂದಿನವು ಅಷ್ಟೆ, ಬೆನ್ನ ಹಿಂದೆ ಆರರಲ್ಲಿ ಇರಕೂಡದು. ಮೂರೂ ಕಾಲು ದಾಟಿ ನಾಲ್ಕರೊಳಗೆ ಒಂದು, ಎಂಟರಿಂದ ಎಂಟೂವರೆಯ ಆಸುಪಾಸಿನಲ್ಲಿ ಇನ್ನೊಂದು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಲ್ಲಿ ಇದು 100ರಿಂದ 120 ಡಿಗ್ರಿ, ಮುಂದಿನವು 30 ಡಿಗ್ರಿ. ಕೋನಮಾಪಕ ಇಲ್ಲದ ನಮಗೆ ಗಡಿಯಾರವೇ ಸಾಕು.

ಇಲ್ಲಿ ಒಂದು ಸೊಗಸಾದ ಹೊಂದಾಣಿಕೆ ಸಿಕ್ಕಿತು. ದಿವಾನವನ್ನು ಹಿಂದಿನ ಗೋಡೆಯಿಂದ ಎಳೆದು, ಅದರಲ್ಲಿ ಕೂತವರ ತಲೆ ಅತ್ತೆಯ ತಲೆಯಿಂದ ಮೂರು ಅಡಿ ಹಿಂದೆ ಬರುವ ಹಾಗೆ ಇಟ್ಟೆ. ಪಕ್ಕದ ಎರಡೂ ಗೋಡೆಯ ಮೇಲೆ, ಅದೇ ಮೂರು ಅಡಿಯ ಗೆರೆಯಲ್ಲಿ ಹಿಂದಿನ ಸ್ಪೀಕರು. ಅತ್ತೆಗೆ ಅವು ನಾಲ್ಕು ಮತ್ತು ಎಂಟರ ಹತ್ತಿರ ಬಿದ್ದವು, ಅಳತೆಯ ಒಳಗೇ. ದಿವಾನದವರಿಗೆ ನೇರ ಪಕ್ಕದಲ್ಲಿ, ಮೂರು ಮತ್ತು ಒಂಬತ್ತರಲ್ಲಿ ಬಂದವು, ಅದೂ ಕೆಡುಕಿಲ್ಲ. ಅತ್ತೆಯ ತಲೆಯಿಂದ ಅಳೆದರೆ ಆರು ಅಡಿ ನಾಲ್ಕು ಅಂಗುಲ, ವೃತ್ತ ಹೆಚ್ಚೇನೂ ಕೆಡಲಿಲ್ಲ. ಎತ್ತರ ಮಾತ್ರ ಕಿವಿಗಿಂತ ಎರಡು ಅಡಿ ಮೇಲೆ. ಸಮಕ್ಕೆ ಇಟ್ಟಿದ್ದರೆ ದಿವಾನದ ತುದಿಯಲ್ಲಿ ಕೂತವರ ಕಿವಿಗೇ ಮಳೆ ಸುರಿದ ಹಾಗಾಗುತ್ತಿತ್ತು. ದಿವಾನ ಗೋಡೆ ಬಿಟ್ಟು ಬಂದದ್ದರಿಂದ ಇನ್ನೊಂದು ಲಾಭ. ತಗ್ಗಿನ ಸ್ವರ ಗೋಡೆಯ ಬುಡದಲ್ಲಿ ಗುಡ್ಡೆಯಾಗಿ ಬೀಳುತ್ತದೆ. ಗೋಡೆಗೆ ತಲೆಯಾನಿಸಿ ಕೂತವರಿಗೆ ಗುಂಯ್‌ಗುಡುವಿಕೆ ಜಾಸ್ತಿ. ನಿಮ್ಮಲ್ಲಿ ಜಾಗವಿಲ್ಲದಿದ್ದರೆ ಎರಡು ಅಡಿಯಾದರೂ ಮುಂದೆ ಎಳೆಯಿರಿ, ಹಿಂದೆ ಗುಡಿಸುವುದಕ್ಕೂ ಸಲೀಸು.

ಹತ್ತಿರದ ಸ್ಪೀಕರಿನ ಬಗ್ಗೆ ಇನ್ನೊಂದು ಮಾತು. ಒಂದೇ ದನಿ ಎರಡು ಕಡೆಯಿಂದ ಸ್ವಲ್ಪ ಹಿಂದೆ ಮುಂದೆ ಬಂದರೆ, ಮೊದಲು ಬಂದದ್ದು ಎಲ್ಲಿಂದ ಬಂತೋ ಅಲ್ಲಿಂದಲೇ ಎಲ್ಲವೂ ಬಂತು ಎಂದು ನಮ್ಮ ಕಿವಿ ನಂಬುತ್ತದೆ. 1949ರಲ್ಲಿ ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಅದಕ್ಕಾಗಿಯೇ ಆಂಪ್ಲಿಫೈಯರಿನ ಸೆಟ್ಟಿಂಗಿನಲ್ಲಿ ಪ್ರತಿ ಸ್ಪೀಕರು ಎಷ್ಟು ದೂರ ಎಂದು ಕೇಳುತ್ತಾರೆ. ಟೇಪು ಹಿಡಿದು ಅಳೆದು ಸರಿಯಾದ ಅಂಕಿಯನ್ನೇ ತುಂಬಿ. ಹತ್ತಿರದ ಸ್ಪೀಕರನ್ನು ಯಂತ್ರವೇ ಸ್ವಲ್ಪ ತಡೆದು ಬಿಡುತ್ತದೆ. ಒಂದು ಮೀಟರಿಗೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು, ಅಷ್ಟೇ ಲೆಕ್ಕ. ಅದೇ ಸೆಟ್ಟಿಂಗಿನಲ್ಲಿ ನಡುವಿನ ಸ್ಪೀಕರಿನ ಸದ್ದನ್ನು ಮಾತ್ರ ಎರಡು ಮೂರು ಡೆಸಿಬಲ್ ಏರಿಸಬಹುದು. ರಿಮೋಟಿನ ಜಗಳಕ್ಕೆ ಅರ್ಧ ಔಷಧ ಅಲ್ಲೇ ಇದೆ.

ಗುಡುಗಿನ ಪೆಟ್ಟಿಗೆಯದು ಬೇರೆ ನ್ಯಾಯ. ಸುಮಾರು 80 ಹರ್ಟ್ಜ್‌ಗಿಂತ ತಗ್ಗಿನ ಸ್ವರ ಯಾವ ದಿಕ್ಕಿನಿಂದ ಬಂತು ಎಂದು ಕಿವಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಅದನ್ನು ಎಲ್ಲಾದರೂ ಇಡಬಹುದು. ಆದರೆ ಮೂಲೆಯಲ್ಲಿ ಇಟ್ಟರೆ ಮೂರು ಕಡೆಯಿಂದ ಬಡಿದು ಅಬ್ಬರ ಜಾಸ್ತಿ. ಸರಿಯಾದ ಜಾಗ ಹುಡುಕುವ ಉಪಾಯ ತಮಾಷೆಯದು. ಪೆಟ್ಟಿಗೆಯನ್ನು ಕೇಳುವವರ ಕುರ್ಚಿಯ ಮೇಲೆ ಕೂರಿಸಿ, ತಗ್ಗಿನ ಸ್ವರದ ಹಾಡು ಹಾಕಿ, ಗೋಡೆಯ ಉದ್ದಕ್ಕೂ ಅಂಬೆಗಾಲಿಡಬೇಕು. ಎಲ್ಲಿ ಪ್ರತಿ ಸ್ವರವೂ ಸಮನಾಗಿ, ಊದಿಕೊಳ್ಳದೆ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡುವುದು. ಸೀರೆ ಉಟ್ಟುಕೊಂಡು ಅಂಬೆಗಾಲು ನನ್ನಿಂದಾಗಲಿಲ್ಲ. ಪಕ್ಕದ ಮನೆಯ ಮೂರನೆಯ ಕ್ಲಾಸಿನ ಹುಡುಗಿಗೆ ಎರಡು ಕೋಡುಬಳೆ ಕೊಟ್ಟು ಮಾಡಿಸಿದೆ! ‘ಇಲ್ಲಿ ಹೊಟ್ಟೆಯೊಳಗೆ ಡುಂ ಅನ್ನುತ್ತೆ, ಇಲ್ಲಿ ಅನ್ನಲ್ಲ’ ಎಂದು ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಬಲ ಗೋಡೆಯ ಮೂರನೆಯ ಒಂದು ಭಾಗದ ಹತ್ತಿರ ನಿಶ್ಚಯವಾಯಿತು.

ಕೋಣೆಯ ಮಾತು ಬಿಡುವ ಹಾಗಿಲ್ಲ. ಹಜಾರದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟಪ್ ಎಂದು ನಿಂತರೆ ಸರಿ. ಟರ್‌ರ್ ಎಂದು ಎಳೆದರೆ ಬರಿಯ ಗೋಡೆಗಳು ಎದುರುಬದುರಾಗಿ ಶಬ್ದವನ್ನು ಚೆಂಡಾಡುತ್ತಿವೆ ಎಂದರ್ಥ. 1656ರಲ್ಲಿ ಮುಗಿದ ವಿಜಯಪುರದ ಗೋಲಗುಮ್ಮಟದಲ್ಲಿ ಪ್ರತಿಧ್ವನಿ ಕೇಳಲೆಂದೇ ಮೆಟ್ಟಿಲು ಹತ್ತುತ್ತೇವೆ, ಮನೆಯ ಹಜಾರದಲ್ಲಿ ಅದು ಸ ಮತ್ತು ಶಗಳನ್ನು ನುಂಗಿಹಾಕುತ್ತದೆ. ಇದಕ್ಕೆ ಬೇಕಾದ ಮದ್ದು ನಮ್ಮ ಬೀರುವಿನಲ್ಲೇ ಇದೆ. ಸ್ಪೀಕರಿಗೂ ಕುರ್ಚಿಗೂ ನಡುವೆ ನೆಲದ ಮೇಲೆ ದಪ್ಪ ಜಮಖಾನ. ಕಿಟಕಿಗೆ ತೆಳು ಪರದೆಯ ಬದಲು ದಪ್ಪದ್ದು, ನೆರಿಗೆ ಹೆಚ್ಚು ಬಿಟ್ಟು. ಪಕ್ಕದ ಗೋಡೆಯಲ್ಲಿ ಎಲ್ಲಿಗೆ ಬಟ್ಟೆ ಬೇಕು ಎಂದು ತಿಳಿಯಲು ಅತ್ತೆಯ ಕುರ್ಚಿಯಲ್ಲಿ ನಾನು ಕೂತೆ, ಕೆಲಸಕ್ಕೆ ಬರುವಾಕೆ ಕನ್ನಡಿಯನ್ನು ಗೋಡೆಗೆ ಹಿಡಿದು ಸರಿಸುತ್ತಾ ಹೋದಳು. ಕನ್ನಡಿಯಲ್ಲಿ ನನಗೆ ಸ್ಪೀಕರು ಎಲ್ಲಿ ಕಂಡಿತೋ ಅಲ್ಲಿಂದಲೇ ಶಬ್ದವೂ ಬಡಿದು ಬರುವುದು. ಅಲ್ಲಿ ಧಾರವಾಡದ ಗೆಳತಿ ಕೊಟ್ಟ ಕೌದಿಯನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿದೆ. ನೋಡಲೂ ಚೆಂದ. ಮೊಟ್ಟೆಯ ಟ್ರೇ ಅಂಟಿಸಿ ಎಂದು ಹೇಳುವವರಿದ್ದಾರೆ. ನಂಬಬೇಡಿ. ಹೀರುವುದು ಅತ್ಯಲ್ಪ, ಬೆಂಕಿ ತಗುಲಿದರೆ ಮಾತ್ರ ಧಗ್ಗನೆ ಹತ್ತಿಕೊಳ್ಳುತ್ತದೆ.

ತಂತಿಯನ್ನೂ ಒಮ್ಮೆ ನೋಡಿಬಿಡಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ನಮ್ಮಲ್ಲಿ ಬಲಗಡೆಯದು ತಿರುಗುಮುರುಗಾಗಿತ್ತು. ಹಾಗಾದರೆ ಒಂದು ಸ್ಪೀಕರು ಗಾಳಿಯನ್ನು ದೂಡುವಾಗ ಇನ್ನೊಂದು ಎಳೆಯುತ್ತದೆ. ತಗ್ಗಿನ ಸ್ವರ ಸೊರಗಿ, ಹಾಡುವವರು ಎಲ್ಲಿದ್ದಾರೆ ಎಂದೇ ತಿಳಿಯದ ಹಾಗಾಗುತ್ತದೆ.

ಸಂಜೆ ನಮ್ಮವರು ಬಂದು ಬಾಗಿಲಲ್ಲೇ ನಿಂತರು. ‘ಏನಿದು, ಹಜಾರದ ನಡುವೆ ಕುರ್ಚಿ! ಯಾರಾದರೂ ಬಂದರೆ ಏನಂದುಕೊಂಡಾರು?’ ‘ಅಮ್ಮ ಟೀವಿ ನೋಡ್ತಾರೆ ಅಂದುಕೊಳ್ತಾರೆ’ ಎಂದೆ. ಅವರು ಮತ್ತೆ ಮಾತಾಡಲಿಲ್ಲ. ದಿವಾನದ ನಡುವೆ ಕೂತು ನೋಡಿದರು, ತಾಯಿಯ ತಲೆ ಪರದೆಗೆ ಅಡ್ಡ ಬಂತು. ಆರಾಮ ಕುರ್ಚಿ ತಗ್ಗಿನದಾದರೂ ಅಷ್ಟು ಬಂದೇ ಬಂತು. ಬಲತುದಿಗೆ ಸರಿದರು.

ಅತ್ತೆಯನ್ನು ಕೈಹಿಡಿದು ಕರೆತಂದು ಕೂರಿಸಿ ತಾಳಮದ್ದಳೆ ಹಾಕಿದೆ. ಅದರಲ್ಲಿ ಇದ್ದದ್ದು ಎಡ ಬಲ ಎರಡೇ ದನಿ, ನಡುವಿನ ಸ್ಪೀಕರು ತನ್ನಷ್ಟಕ್ಕೆ ಮೂಕ. ಇಂಥ ಹಳೆಯ ಮುದ್ರಣಕ್ಕೆ ಆಂಪ್ಲಿಫೈಯರಿನಲ್ಲಿ ಒಂದು ವ್ಯವಸ್ಥೆ ಇರುತ್ತದೆ. ಎರಡರಲ್ಲೂ ಸಮನಾಗಿರುವ ದನಿಯನ್ನು ತೆಗೆದು ನಡುವಿಗೆ ಕೊಡುತ್ತದೆ. ಡಾಲ್ಬಿ ಪ್ರೊ ಲಾಜಿಕ್ ಎಂದು 1987ರಲ್ಲೇ ಬಂದದ್ದು, ಈಗ ಬೇರೆ ಬೇರೆ ಹೆಸರಿನಲ್ಲಿದೆ. ಅದನ್ನು ಒತ್ತಿದೆ. ಗುಡುಗಿನ ಪೆಟ್ಟಿಗೆಯನ್ನು ಪೂರ್ತಿ ಆರಿಸಿದೆ. ವಾದಕ್ಕೆ ಅದರ ಹಂಗೇಕೆ?

ಅತ್ತೆ ಹತ್ತು ನಿಮಿಷ ಸುಮ್ಮನೆ ಕೂತಿದ್ದರು. ನನಗೋ ಒಳಗೊಳಗೇ ದಿಗಿಲು. ಆಮೇಲೆ ಪರದೆಯ ಕಡೆ ಕೈ ತೋರಿಸಿ, ‘ಇವ ಕೃಷ್ಣನ ಮಾತಿಗೆ ಉತ್ತರವೇ ಕೊಡಲಿಲ್ಲ, ತಪ್ಪಿಸಿಕೊಂಡ’ ಎಂದು ಅರ್ಥಧಾರಿಯನ್ನು ಬೈದರು. ಬೈಗುಳ ಕೇಳಿ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ! ಒಂದು ಮಾತೂ ಬಿಡದೆ ಕೇಳಿಸಿತೆಂದು ನಾನು ಹೇಳುವುದಿಲ್ಲ. ಚಂಡೆ ಜೊತೆಗೂಡಿದಾಗ ಪದ ಈಗಲೂ ಅವರಿಗೆ ತಪ್ಪುತ್ತದೆ. ಆದರೆ ರಿಮೋಟಿನಲ್ಲಿ ಮೊದಲು 46ರಲ್ಲಿ ಇಡುತ್ತಿದ್ದ ಸದ್ದು ಈಗ 31ರಲ್ಲಿ ನಿಂತಿದೆ. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎನ್ನುವುದು ನನಗೆ ಮತ್ತೆ ಕೇಳಿಸುತ್ತಿದೆ.

ಒಂದು ಎಚ್ಚರಿಕೆ. ಸ್ಪೀಕರು ಸರಿಯಿಟ್ಟರೆ ಕಿವಿ ವಾಸಿಯಾಗುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ‘ಸಾಕು’ ಎಂದರೆ ‘ಹಾಕು’ ಎಂದು ತಿಳಿಯುತ್ತಿದ್ದರೆ ತಮಾಷೆ ಮಾಡಿ ಬಿಟ್ಟುಬಿಡಬೇಡಿ, ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮಗಂತೂ ತಾಳಗುಪ್ಪದ ರೈಲು ಹತ್ತಿದರೆ ನೇರ ಮೈಸೂರು. ಶ್ರವಣಯಂತ್ರದ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದ ಅತ್ತೆ ಮೊನ್ನೆ, ‘ಬಿಸಿಲು ಇಳಿಯಲಿ, ನೋಡುವಾ’ ಎಂದಿದ್ದಾರೆ. ಹಠ ಮಾಡಿ ಎಳೆದುಕೊಂಡು ಹೋಗುವ ಯೋಚನೆ ನನಗಿಲ್ಲ. ಕುರ್ಚಿಯನ್ನು ಅವರು ಒಪ್ಪಿದ್ದಾರಲ್ಲ, ಅದೊಂದು ದಾರಿ ತೆರೆದಿದೆ.

ಉಳಿದಿರುವುದು ತಂತಿಯ ರಗಳೆ. ಎಡಗಡೆ ಹಿಂದಿನ ಸ್ಪೀಕರಿನ ತಂತಿ ದೇವರ ಕೋಣೆಯ ಹೊಸ್ತಿಲು ದಾಟಿ ಹೋಗಬೇಕು, ದಿನಾ ಹೊಸ್ತಿಲು ಸಾರಿಸಿ ರಂಗೋಲಿ ಹಾಕುವವಳು ನಾನು. ಜಮಖಾನದ ಕೆಳಗೆ ಬಿಟ್ಟರೆ ಅತ್ತೆ ಎಡವಿಯಾರು ಎಂಬ ಭಯ. ಸದ್ಯಕ್ಕೆ ಬಾಗಿಲ ಚೌಕಟ್ಟಿನ ಮೇಲಿಂದ ತೋರಣದ ಹಿಂದೆ ಮರೆಮಾಡಿ ಹಾಯಿಸಿದ್ದೇನೆ. ಬಡಗಿ ಬಂದು ಒಂದು ಪಟ್ಟಿ ಹೊಡೆದುಕೊಡುತ್ತೇನೆ ಎಂದು ಹೇಳಿ ಎರಡು ವಾರವಾಯಿತು.